ಲಂಗೋಟಿಯ ಲೆಕ್ಕ, ಡೈಪರಿನ ಲೆಕ್ಕ

ಮಗುವಿಗೆ ಬಟ್ಟೆಯ ಡೈಪರ್ ಕಟ್ಟಿದರೆ ಎಷ್ಟು ಉಳಿಯುತ್ತದೆ, ಅಂಗಡಿಯಿಂದ ತಂದು ಒಮ್ಮೆ ಬಳಸಿ ಎಸೆಯುವ ಡೈಪರ್ ಹಾಕಿದರೆ ಎಷ್ಟು ಖರ್ಚಾಗುತ್ತದೆ ಎಂಬ ಪ್ರಶ್ನೆ ಬಾಣಂತನಕ್ಕೆ ಸಿದ್ಧವಾಗುತ್ತಿರುವ ಗೆಳತಿಯರಿಂದ ನನಗೆ ಆಗಾಗ ಬರುತ್ತದೆ. ಎರಡನ್ನೂ ಬಳಸಿದವಳಾದ್ದರಿಂದ, ಅದರಲ್ಲೂ ಮೊದಲ ತಿಂಗಳುಗಳನ್ನು ತೀರ್ಥಹಳ್ಳಿ ಕಡೆಯ ತವರಿನಲ್ಲೂ ಆಮೇಲಿನ ಕಾಲವನ್ನು ಬೆಂಗಳೂರಿನ ಬಾಡಿಗೆ ಮನೆಯಲ್ಲೂ ಕಳೆದವಳಾದ್ದರಿಂದ, ಇದಕ್ಕೆ ಒಂದೇ ಮಾತಿನ ಉತ್ತರ ಕೊಟ್ಟು ಸುಮ್ಮನಾಗಲು ಮನಸ್ಸು ಬರುವುದಿಲ್ಲ. ರೂಪಾಯಿ ಲೆಕ್ಕದಲ್ಲಿ ಬಟ್ಟೆಯೇ ಅಗ್ಗ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಉಳಿತಾಯ ಎಲ್ಲಿಂದ ಬರುತ್ತದೆ ಎಂದು ಬಿಡಿಸಿ ನೋಡಿದರೆ, ಅದರ ಬಹುಪಾಲು ಮನೆಯಲ್ಲಿ ಯಾರೋ ಒಬ್ಬರು ಕೂಲಿಯಿಲ್ಲದೆ ಒಗೆದು, ಒಣಗಿಸಿ, ಮಡಚಿಟ್ಟ ಗಂಟೆಗಳಿಂದಲೇ ಬಂದಿರುತ್ತದೆ. ಕೆಳಗಿನದು ಆ ಗಂಟೆಗಳನ್ನೂ ಸೇರಿಸಿ ಹಾಕಿದ ಲೆಕ್ಕ.

ಮೊದಲು ಎಸೆಯುವ ಡೈಪರನ್ನು ತೆಗೆದುಕೊಳ್ಳೋಣ. ಹುಟ್ಟಿದ ಮಗುವಿಗೆ ಮೂರು ತಿಂಗಳು ತುಂಬುವವರೆಗೆ ದಿನಕ್ಕೆ ಎಂಟು, ಅಲ್ಲಿಂದ ವರ್ಷ ತುಂಬುವವರೆಗೆ ಆರು, ಆಮೇಲೆ ಎರಡೂವರೆ ವರ್ಷದವರೆಗೆ ನಾಲ್ಕು ಡೈಪರ್ ಬೇಕಾಗುತ್ತವೆ ಎಂದಿಟ್ಟುಕೊಳ್ಳಿ. ಹಗಲೂ ರಾತ್ರಿಯೂ ಡೈಪರನ್ನೇ ಹಾಕುವ ಮನೆಗಳಲ್ಲಿ ಇದು ಹೆಚ್ಚೇನೂ ಅಲ್ಲ. ಚಿಕ್ಕ ಅಳತೆಯದಕ್ಕೆ 8 ರೂಪಾಯಿ, ನಡುವಿನದಕ್ಕೆ 10, ದೊಡ್ಡದಕ್ಕೆ 13 ಎಂದು ಸಾಧಾರಣ ಬೆಲೆ ಹಿಡಿದರೆ, ಮೊದಲ ಮೂರು ತಿಂಗಳಿಗೆ 5,760 ರೂಪಾಯಿ, ಮುಂದಿನ ಒಂಬತ್ತು ತಿಂಗಳಿಗೆ 16,200 ರೂಪಾಯಿ, ಕೊನೆಯ ಹದಿನೆಂಟು ತಿಂಗಳಿಗೆ 28,080 ರೂಪಾಯಿ ಆಗುತ್ತದೆ. ಒಟ್ಟು 4,500 ಡೈಪರ್, ಸುಮಾರು 50,000 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ಡೈಪರಿನ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿರುವುದರಿಂದ ಹಳೆಯ ಬಿಲ್ಲುಗಳನ್ನು ಇಟ್ಟುಕೊಂಡು ಲೆಕ್ಕ ಹಾಕುವವರಿಗೆ ಸಂಖ್ಯೆ ಇನ್ನೂ ಸ್ವಲ್ಪ ದೊಡ್ಡದಾಗಿಯೇ ಕಾಣಬಹುದು.

ಖರ್ಚಿನ ಅರ್ಧಕ್ಕಿಂತ ಹೆಚ್ಚು ಪಾಲು ಮಗುವಿಗೆ ವರ್ಷ ತುಂಬಿದ ಮೇಲೆ ಬೀಳುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ದಿನದ ಸಂಖ್ಯೆ ಇಳಿಯಿತು, ಇನ್ನು ಖರ್ಚೂ ಇಳಿಯುತ್ತದೆ ಎಂದು ನಾವು ಭಾವಿಸುವ ಹೊತ್ತಿಗೆ ಒಂದೊಂದರ ಬೆಲೆ ಏರಿರುತ್ತದೆ. ಅಂಗಡಿಯಲ್ಲಿ ಒಂದೇ ಬ್ರ್ಯಾಂಡಿನ ದೊಡ್ಡ ಪೊಟ್ಟಣಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಪೊಟ್ಟಣದ ಗಾತ್ರ ಹೆಚ್ಚುಕಡಿಮೆ ಒಂದೇ, ಬೆಲೆಯೂ ಒಂದರ ಹತ್ತಿರವೇ ಇನ್ನೊಂದು, ಆದರೆ ಎಸ್ ಅಳತೆಯಿಂದ ಎಕ್ಸ್‌ಎಲ್ ಅಳತೆಗೆ ಹೋಗುತ್ತ ಒಳಗಿರುವ ಡೈಪರುಗಳ ಸಂಖ್ಯೆ ಕಡಿಮೆಯಾಗುತ್ತ ಹೋಗುತ್ತದೆ. ಗರಿಷ್ಠ ಮಾರಾಟ ಬೆಲೆಯ ಜೊತೆಗೆ ಒಂದೊಂದಕ್ಕೆ ಬೀಳುವ ಬಿಡಿ ಬೆಲೆಯನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕೆಂಬ ನಿಯಮ ಈಗ ಇರುವುದರಿಂದ, ರಿಯಾಯಿತಿಯ ದೊಡ್ಡ ಅಕ್ಷರಗಳನ್ನು ಬಿಟ್ಟು ಆ ಸಣ್ಣ ಅಕ್ಷರದ ಸಾಲನ್ನು ಹುಡುಕಿ ಓದುವುದು ಒಳ್ಳೆಯದು.

ಬಟ್ಟೆಯ ಕಡೆಗೆ ಬಂದರೆ ಮೊದಲ ಖರ್ಚು ಮನೆಯ ಟ್ರಂಕಿನಲ್ಲಿರುವ ಹಳೆಯ ಬಟ್ಟೆಯನ್ನು ಅವಲಂಬಿಸಿದೆ. ನಮ್ಮ ತವರಿನಲ್ಲಿ ಅಪ್ಪನ ಹಳೆಯ ಪಂಚೆಗಳನ್ನೂ ಅಜ್ಜಿಯ ನೂಲಿನ ಸೀರೆಗಳನ್ನೂ ಚೌಕವಾಗಿ ಹರಿದು, ಅಂಚು ಹೊಲಿದು, ಒಂದು ಗಂಟು ಲಂಗೋಟಿ ಬಟ್ಟೆಯನ್ನು ಹೆರಿಗೆಗೆ ಮುಂಚೆಯೇ ಸಿದ್ಧ ಮಾಡಿದ್ದರು. ಅದಕ್ಕೆ ಹೊಲಿಗೆಯ ದಾರ ಬಿಟ್ಟರೆ ಬೇರೆ ಖರ್ಚಿಲ್ಲ. ಹಳೆಯ ನೂಲಿನ ಬಟ್ಟೆ ಸಿಗದ ಮನೆಯವರು, ಈಗಿನ ಸೀರೆಗಳಲ್ಲಿ ಪಾಲಿಯೆಸ್ಟರೇ ಹೆಚ್ಚಾದ್ದರಿಂದ ಅಂಥ ಮನೆಗಳೂ ಹೆಚ್ಚು, ದಾರ ಕಟ್ಟುವ ಮಸ್ಲಿನ್ ಲಂಗೋಟಿಗಳನ್ನು ಕೊಳ್ಳಬೇಕಾಗುತ್ತದೆ. ಒಂದಕ್ಕೆ 70 ರೂಪಾಯಿಯಂತೆ ಮೂರು ಡಜನ್‌ಗೆ 2,520 ರೂಪಾಯಿ. ಮಗು ಸ್ವಲ್ಪ ಬೆಳೆದ ಮೇಲೆ ಹೊರಗೆ ನೀರು ಸೋರದ ಪದರವೂ ಒಳಗೆ ತೇವ ಹೀರುವ ಬಟ್ಟೆಯ ಪಟ್ಟಿಯೂ, ಅಂದರೆ ಇನ್ಸರ್ಟೂ, ಇರುವ ಬಟನ್ನಿನ ಡೈಪರುಗಳು ಬೇಕು. ಇವುಗಳ ಬಟನ್ನುಗಳನ್ನು ಸಡಿಲಿಸುತ್ತ ಹೋದರೆ ಒಂದೇ ಅಳತೆ ಎರಡೂವರೆ ವರ್ಷದವರೆಗೆ ಸಾಕಾಗುತ್ತದೆ. ಒಂದಕ್ಕೆ 450 ರೂಪಾಯಿ ಹಿಡಿದು ಹದಿನೆಂಟಕ್ಕೆ 8,100, ಹೆಚ್ಚುವರಿ ಇನ್ಸರ್ಟು ಒಂದು ಡಜನ್‌ಗೆ 1,800, ರಬ್ಬರ್ ಶೀಟು ಮತ್ತು ಒದ್ದೆ ಬಟ್ಟೆಯ ಚೀಲಕ್ಕೆ 1,000, ನಡುವೆ ಇಲಾಸ್ಟಿಕ್ ಹೋಗಿ ಬದಲಾಯಿಸಬೇಕಾಗುವ ನಾಲ್ಕಕ್ಕೆ 1,800. ಎಲ್ಲ ಕೂಡಿ 15,220 ರೂಪಾಯಿ. ಇದರಲ್ಲಿ ಹೆಚ್ಚಿನದನ್ನು ಮೊದಲ ಆರು ತಿಂಗಳೊಳಗೇ ಕೈಯಿಂದ ಹಾಕಬೇಕು. ತಿಂಗಳ ಸಂಬಳದಲ್ಲಿ ಬದುಕುವವರಿಗೆ, ಅದರಲ್ಲೂ ಹೆರಿಗೆಯ ಖರ್ಚು ಆಗಷ್ಟೇ ಮುಗಿದಿರುವಾಗ, ಇದು ಸಣ್ಣ ಮಾತಲ್ಲ. ದಿನಗೂಲಿಯ ಮನೆಯವರು ಹತ್ತು ರೂಪಾಯಿಗೆ ಬಿಡಿ ಡೈಪರ್ ತರುವುದನ್ನು ದುಂದು ಎಂದು ಆಡಿಕೊಳ್ಳುವವರು ಇದನ್ನು ಯೋಚಿಸಬೇಕು.

ಇನ್ನು ಒಗೆಯುವ ಖರ್ಚು. ಜನರ ಲೆಕ್ಕ ಸಾಮಾನ್ಯವಾಗಿ ಇಲ್ಲಿ ಜಾರುತ್ತದೆ, ಏಕೆಂದರೆ ನೀರಿನ ಬೆಲೆ ಊರಿಂದ ಊರಿಗಲ್ಲ, ಬೀದಿಯಿಂದ ಬೀದಿಗೆ ಬೇರೆ. ಒಂದು ದಿನ ಬಿಟ್ಟು ಒಂದು ದಿನ ಮಷೀನಿಗೆ ಹಾಕಿದರೆ ಎರಡೂವರೆ ವರ್ಷಕ್ಕೆ 450 ಸಲ ಒಗೆತ. ಮೊದಲು ಕೈಯಲ್ಲಿ ಜಾಲಿಸುವ ನೀರೂ ಸೇರಿ ಒಂದು ಸಲಕ್ಕೆ 150 ಲೀಟರ್ ಎಂದರೆ ಒಟ್ಟು 67,500 ಲೀಟರ್. ಜಲಮಂಡಳಿಯ ಕಾವೇರಿ ನೀರು ಬರುವ ಸಾಮಾನ್ಯ ಮನೆಯಲ್ಲಿ ಇಷ್ಟು ನೀರಿಗೆ ಸಾವಿರ ರೂಪಾಯಿಯ ಆಸುಪಾಸು ಆಗಬಹುದು. ಅದೇ ನೀರು ಟ್ಯಾಂಕರಿನಿಂದ ಬಂದರೆ ಕಥೆ ಬದಲಾಗುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿನವರು ಕೇಳಿದ್ದೇ ಬೆಲೆಯಾದಾಗ, ಮಾರ್ಚ್‌ನಲ್ಲಿ ಜಿಲ್ಲಾಡಳಿತ ದರ ನಿಗದಿ ಮಾಡಿತು: ಐದು ಕಿಲೋಮೀಟರಿನೊಳಗೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ. ಆ ನಿಗದಿತ ದರದಲ್ಲೇ ಕೊಂಡರೂ 67,500 ಲೀಟರಿಗೆ 5,600 ರೂಪಾಯಿ ದಾಟುತ್ತದೆ. ನಿಗದಿತ ದರದ ಇಮ್ಮಡಿ ಕೊಟ್ಟು ತರಿಸಿಕೊಂಡರೆ 11,000ಕ್ಕೂ ಮಿಕ್ಕುತ್ತದೆ.

ವಿದ್ಯುತ್ತಿನ ಖರ್ಚು ನಾವು ಹೆದರುವಷ್ಟಿಲ್ಲ. ತಣ್ಣೀರಿನಲ್ಲಿ ಒಗೆದರೆ ಒಂದು ಸಲಕ್ಕೆ ಮೂರನೇ ಒಂದು ಯೂನಿಟ್ಟೂ ಬೇಡ, ಯೂನಿಟ್‌ಗೆ ಆರು ರೂಪಾಯಿಯಂತೆ ಒಟ್ಟು 800 ರೂಪಾಯಿ ಚಿಲ್ಲರೆ. ಮಷೀನಿನಲ್ಲೇ ನೀರು ಕಾಯಿಸಿದರೆ ಸಲಕ್ಕೆ ಒಂದು ಯೂನಿಟ್ ಹಿಡಿದು 2,700. ಆದರೆ ಗೃಹಜ್ಯೋತಿಯ ಫಲಾನುಭವಿಗಳು ಒಂದು ವಿಷಯ ಗಮನಿಸಬೇಕು. ಬಳಕೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುವುದರಿಂದ, ಮಿತಿಯ ಅಂಚಿನಲ್ಲಿರುವ ಮನೆಗೆ ಬಿಸಿನೀರಿನ ಒಗೆತದ ಹದಿನೈದು ಯೂನಿಟ್ ಆ ತಿಂಗಳು ಸಾವಿರಕ್ಕೂ ಮಿಕ್ಕಿದ ಹೊರೆಯಾಗಬಹುದು. ಸಾಬೂನಿನ ಪುಡಿಗೆ ಸಲಕ್ಕೆ 8 ರೂಪಾಯಿಯಂತೆ 3,600. ಅಲ್ಲಿಗೆ ಒಗೆತದ ಖರ್ಚು ಕಾವೇರಿ ನೀರು, ತಣ್ಣೀರಿನ ಒಗೆತವಾದರೆ ಸುಮಾರು 5,400 ರೂಪಾಯಿ, ನಿಗದಿತ ದರದ ಟ್ಯಾಂಕರ್ ನೀರು, ಬಿಸಿನೀರಿನ ಒಗೆತವಾದರೆ ಸುಮಾರು 11,900 ರೂಪಾಯಿ.

ನೀರಿನ ಬೆಲೆಯಷ್ಟೇ ಅದರ ಗುಣವೂ ಖರ್ಚಿನ ಬಾಬತ್ತು. ನಮ್ಮ ಬಡಾವಣೆಯ ಬೋರ್‌ವೆಲ್ ನೀರು ಗಡಸು. ಸಾಬೂನು ನೊರೆಯಾಗುವುದಿಲ್ಲವೆಂದು ಪುಡಿ ಹೆಚ್ಚು ಹಾಕಿದರೆ, ಆ ಪುಡಿಯೂ ನೀರಿನ ಸುಣ್ಣದಂಶವೂ ಸೇರಿ ಇನ್ಸರ್ಟಿನ ಎಳೆಗಳಲ್ಲಿ ಕೂತುಬಿಡುತ್ತವೆ. ಕೆಲವು ತಿಂಗಳಲ್ಲಿ ಬಟ್ಟೆ ಹಪ್ಪಳದಂತೆ ಸೆಟೆದು, ಮೇಲೆ ಹೊಯ್ದ ನೀರು ಒಳಗಿಳಿಯದೆ ಹನಿಯಾಗಿ ಉರುಳತೊಡಗುತ್ತದೆ. ಮಗು ಉಚ್ಚೆ ಹೊಯ್ದ ಕ್ಷಣವೇ ಅಂಚಿನಿಂದ ಸೋರುತ್ತದೆ, ಒಗೆದಿಟ್ಟ ಬಟ್ಟೆ ಒದ್ದೆಯಾದೊಡನೆ ಕಣ್ಣು ಉರಿಯುವಂಥ ಅಮೋನಿಯಾ ವಾಸನೆ ಹೊಮ್ಮುತ್ತದೆ. ಬಹಳ ಮಂದಿ ಬಟ್ಟೆ ಡೈಪರ್ ಪ್ರಯೋಜನವಿಲ್ಲ ಎಂದು ಕೈಬಿಟ್ಟು ಎರಡನೇ ಸಲ ಹಣ ಕಳೆದುಕೊಳ್ಳುವುದು ಈ ಹಂತದಲ್ಲಿ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿದರೆ ಹೀರುವ ಗುಣ ಬಹುಮಟ್ಟಿಗೆ ಮರಳಿ ಬರುತ್ತದೆ. ಬಟ್ಟೆ ಮೃದುವಾಗಲೆಂದು ಹಾಕುವ ಕಂಡೀಷನರನ್ನು ಡೈಪರಿನ ಹತ್ತಿರ ತರಲೇಬಾರದು, ಅದು ಎಳೆಗಳ ಮೇಲೆ ಜಿಡ್ಡಿನ ಪದರವಾಗಿ ನಿಲ್ಲುತ್ತದೆ.

ಮಲೆನಾಡಿನಲ್ಲಿ ತೊಂದರೆ ತದ್ವಿರುದ್ಧ. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಹರಿದು ಬರುವ ನೀರಿಗೆ ಬಿಲ್ಲಿಲ್ಲ, ಆ ನೀರು ಮೆದುವಾದ್ದರಿಂದ ಒಂದು ಚೂರು ಬಾರ್ ಸೋಪಿಗೆ ಬಟ್ಟೆ ಬೆಳ್ಳಗಾಗುತ್ತದೆ. ಆದರೆ ಆಷಾಢ, ಶ್ರಾವಣದಲ್ಲಿ ಒಗೆದ ಬಟ್ಟೆ ಒಣಗಬೇಕಲ್ಲ! ಜಗಲಿಯಲ್ಲಿ ಎಳೆದ ಹಗ್ಗದ ಮೇಲೆ ಮೂರು ದಿನ ತೂಗಿದರೂ ಮಡಿಕೆಯಲ್ಲಿ ತೇವ ಉಳಿದೇ ಇರುತ್ತಿತ್ತು. ಬಚ್ಚಲೊಲೆಯ ಮೇಲೆ ಅಡ್ಡಕ್ಕೆ ಕೋಲು ಕಟ್ಟಿ, ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ, ಅದರ ಮೇಲೆ ಒಂದೊಂದೇ ಲಂಗೋಟಿ ಹರವಿ, ಹೊತ್ತದಂತೆ ಪಕ್ಕದಲ್ಲೇ ಕೂತು ಮಗುಚಿ ಹಾಕುವುದು ಅಮ್ಮನ ಸಂಜೆಯ ಕೆಲಸವಾಗಿತ್ತು. ಒಣಗುವುದು ತಡವಾದಷ್ಟೂ ಕೈಯಲ್ಲಿರಬೇಕಾದ ಬಟ್ಟೆಯ ಸಂಖ್ಯೆ ಹೆಚ್ಚುತ್ತದೆ. ಬೆಂಗಳೂರಿನ ಬಿಸಿಲಿಗೆ ಹದಿನೆಂಟು ಸಾಕಾಗುವಲ್ಲಿ ಮಲೆನಾಡಿನ ಮಳೆಗೆ ಮೂವತ್ತು ಬೇಕು, ಅಲ್ಲಿಗೆ ನೀರಿನಲ್ಲಿ ಉಳಿಸಿದ್ದು ಬಟ್ಟೆಯಲ್ಲಿ ಹೋಯಿತು.

ಬೆಂಗಳೂರಿನ ಲೆಕ್ಕವನ್ನೇ ಮುಂದುವರಿಸಿದರೆ, ಕೊಂಡದ್ದು ಮತ್ತು ಒಗೆದದ್ದು ಸೇರಿ ಬಟ್ಟೆಯ ದಾರಿಗೆ 20,600 ರೂಪಾಯಿಯಿಂದ 27,100 ರೂಪಾಯಿ. ಎಸೆಯುವ ಡೈಪರಿಗೆ 50,000. ಟ್ಯಾಂಕರಿಗೆ ಇಮ್ಮಡಿ ದರ ಕೊಟ್ಟರೂ ಬಟ್ಟೆಯ ಖರ್ಚು 33,000 ದಾಟುವುದಿಲ್ಲ. ಸಾಮಾನ್ಯವಾಗಿ ಹೋಲಿಕೆ ಇಲ್ಲಿಗೆ ನಿಂತು, 23,000ದಿಂದ 29,000 ರೂಪಾಯಿ ಉಳಿಯಿತು ಎಂದು ತೀರ್ಪಾಗುತ್ತದೆ.

ಇಲ್ಲಿ ಯಾರು ಒಗೆದರು ಎಂದು ಕೇಳಬೇಕು. ಮಲ ತೊಳೆದು ಜಾಲಿಸುವುದು, ಮಷೀನಿಗೆ ಹಾಕುವುದು, ತೆಗೆದು ಹರವುವುದು, ಇನ್ಸರ್ಟನ್ನು ಮತ್ತೆ ತೂರಿಸಿ ಮಡಚಿಡುವುದು ಎಲ್ಲಕ್ಕೂ ಒಂದು ಒಗೆತಕ್ಕೆ ಅರ್ಧ ಗಂಟೆ ಎಂದು ಬಹಳ ಮಿತವಾಗಿ ಹಿಡಿದರೂ 225 ಗಂಟೆಯ ಕೆಲಸ. ಮನೆಗೆಲಸಕ್ಕೆ ಬರುವವರನ್ನು ಈ ಕೆಲಸಕ್ಕೂ ಕೇಳಿಕೊಂಡು ತಿಂಗಳಿಗೆ 1,000 ರೂಪಾಯಿ ಹೆಚ್ಚು ಕೊಟ್ಟರೆ ಮೂವತ್ತು ತಿಂಗಳಿಗೆ 30,000 ರೂಪಾಯಿ, ಅಂದರೆ ಉಳಿದದ್ದೆಲ್ಲ ಅಲ್ಲಿಗೇ ಸರಿಹೋಗಿ ಎರಡು ದಾರಿಯ ಖರ್ಚೂ ಸಮವಾಗುತ್ತದೆ. ಬಟ್ಟೆಯ ಡೈಪರಿನ ಉಳಿತಾಯ ಎಂದು ನಾವು ಕರೆಯುವುದು ಹೀಗೆ ಒಬ್ಬರಿಗೆ ಕೊಡದೆ ಉಳಿಸಿಕೊಂಡ ಕೂಲಿ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷವನ್ನೂ ಗಂಡಸರು 88 ನಿಮಿಷವನ್ನೂ ಅದಕ್ಕೆ ಕಳೆಯುತ್ತಾರೆ. ಮಗುವನ್ನು ನೋಡಿಕೊಳ್ಳುವ ಹೊತ್ತು ಇದಕ್ಕೆ ಸೇರಿಲ್ಲ, ಅದು ಬೇರೆ. ಈಗಾಗಲೇ ಇಷ್ಟು ತುಂಬಿರುವ ದಿನಕ್ಕೆ ಇನ್ನೊಂದು ಬಕೆಟ್ಟನ್ನು ಸೇರಿಸಿ, ಅದನ್ನು ಪ್ರಕೃತಿ ಪ್ರೇಮವೆಂದೋ ಹಿರಿಯರ ಪದ್ಧತಿಯೆಂದೋ ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಬಟ್ಟೆಯೇ ಶ್ರೇಷ್ಠವೆಂದು ಬಾಣಂತಿಗೆ ಉಪದೇಶ ಮಾಡುವವರು ಆ ಬಕೆಟ್ಟನ್ನು ತಾವೇ ಎತ್ತಿಕೊಳ್ಳಲು ಸಿದ್ಧರಿರಬೇಕು.

ಹಾಗೆಂದು ಆ 225 ಗಂಟೆ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಉಳಿತಾಯವನ್ನು ಗಂಟೆಗಳಿಂದ ಭಾಗಿಸಿದರೆ ಗಂಟೆಗೆ 100ರಿಂದ 130 ರೂಪಾಯಿ ಬರುತ್ತದೆ. ಎಷ್ಟೋ ಮನೆಗಳಲ್ಲಿ ಇದು ನಿಜವಾದ ಗಳಿಕೆ. ಗಂಡ ಹೆಂಡತಿ ಕೆಲಸವನ್ನು ಹಂಚಿಕೊಂಡರೆ ಅದು ಭಾರವೂ ಆಗುವುದಿಲ್ಲ. ನಮ್ಮ ಮನೆಯಲ್ಲಿ ಜಾಲಿಸಿ ಮಷೀನಿಗೆ ಹಾಕುವುದು ಮೊದಲಿನಿಂದಲೂ ಗಂಡನ ಕೆಲಸ, ಒಣಗಿದ್ದನ್ನು ಮಡಚಿಡುವುದು ನನ್ನದು. ಇಪ್ಪತ್ತಾರು ವಾರಗಳ ಹೆರಿಗೆ ರಜೆ ಮುಗಿದು ನಾನು ಕೆಲಸಕ್ಕೆ ಮರಳಿದ ಮೇಲೂ ಬಟ್ಟೆಯ ಪದ್ಧತಿ ನಿಲ್ಲದೆ ನಡೆದದ್ದು ಈ ಹಂಚಿಕೆಯಿಂದಲೇ.

ಎರಡೂ ಕಡೆಯ ಲೆಕ್ಕವನ್ನು ಒಟ್ಟಿಗೆ ಇಳಿಸುವ ಸಂಗತಿ ಒಂದಿದೆ, ಅದನ್ನು ಹಣದ ವಿಷಯವೆಂದು ಯಾರೂ ಎಣಿಸುವುದಿಲ್ಲ. ನಮ್ಮಲ್ಲಿ ಅಜ್ಜಿಯರು ಮಗುವಿಗೆ ಕತ್ತು ನಿಲ್ಲುತ್ತಿದ್ದಂತೆ, ಎದ್ದ ಕೂಡಲೇ ಮತ್ತು ಹಾಲು ಕುಡಿದ ಮೇಲೆ, ತಾವು ಕಾಲು ನೀಡಿ ಕೂತು, ಎರಡು ಪಾದಗಳ ನಡುವೆ ಮಗುವನ್ನು ಆನಿಸಿ ಕೂರಿಸಿಕೊಂಡು, ಸ್‌ಸ್‌ಸ್ ಎಂದು ಸದ್ದು ಮಾಡುತ್ತ ಕಾಯುತ್ತಾರೆ. ಮಗು ಆ ಸದ್ದಿಗೂ ಆ ಭಂಗಿಗೂ ಒಗ್ಗಿಕೊಳ್ಳುತ್ತದೆ. ದಿನಕ್ಕೆ ಎರಡು ಸಲ ಹೀಗೆ ಸರಿಯಾಗಿ ಆದರೆ ಎರಡು ಡೈಪರ್ ಉಳಿದವು. ವರ್ಷದ ಮಗುವಿನ ಲೆಕ್ಕದಲ್ಲಿ ಎರಡು ಡೈಪರ್ ಎಂದರೆ ದಿನಕ್ಕೆ 26 ರೂಪಾಯಿ, ತಿಂಗಳಿಗೆ 780. ಇದಕ್ಕಿಂತ ದೊಡ್ಡ ಲಾಭ ಡೈಪರ್ ಬಿಡುವ ವಯಸ್ಸಿನಲ್ಲಿದೆ. ಮೂವತ್ತು ತಿಂಗಳಿಗೆ ಬದಲು ಇಪ್ಪತ್ತು ತಿಂಗಳಿಗೇ ಮಗು ಹೇಳಲು ಕಲಿತರೆ ಎಸೆಯುವ ಡೈಪರಿನಲ್ಲಿ 15,600 ರೂಪಾಯಿ ಉಳಿಯುತ್ತದೆ. ಬಟ್ಟೆ ಕಟ್ಟಿದ ಮಗುವಿಗೆ ಒದ್ದೆಯಾದದ್ದು ಆ ಕ್ಷಣವೇ ತಿಳಿಯುತ್ತದೆ. ಎಸೆಯುವ ಡೈಪರಿನೊಳಗಿನ ಪಾಲಿಮರ್ ಕಣಗಳು ಉಚ್ಚೆಯನ್ನು ಹೀರಿ ಜೆಲ್ಲಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ಚರ್ಮಕ್ಕೆ ತೇವ ತಾಕುವುದೇ ಕಡಿಮೆ. ರಾತ್ರಿಯ ನಿದ್ದೆಗೆ ಅದು ದೊಡ್ಡ ಉಪಕಾರ, ಹಗಲಿನ ಅಭ್ಯಾಸಕ್ಕೆ ಅಷ್ಟೇನೂ ಅಲ್ಲ ಎಂಬುದು ನನ್ನ ಅನಿಸಿಕೆ.

ಪೊಟ್ಟಣದ ಬೆಲೆಯಲ್ಲೂ ಮನೆಯ ಬಿಲ್ಲಿನಲ್ಲೂ ಕಾಣದ ಒಂದು ಖರ್ಚು ಕಸದ್ದು. ನೆನೆದ ಡೈಪರ್ ಒಂದಕ್ಕೆ 200 ಗ್ರಾಂ ಎಂದರೂ 4,500 ಡೈಪರಿನ ತೂಕ 900 ಕಿಲೋ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆದೇಶವಾದ ಮೇಲೆ ಬೆಂಗಳೂರಿನಲ್ಲಿ ಎರಡು ಬುಟ್ಟಿ, ಒಂದು ಚೀಲದ ಕ್ರಮ ಬಂದಿತು: ಹಸಿಕಸಕ್ಕೆ ಹಸಿರು ಬುಟ್ಟಿ, ಒಣಕಸಕ್ಕೆ ಚೀಲ, ಎರಡಕ್ಕೂ ಸೇರದ ಕಸಕ್ಕೆ ಕೆಂಪು ಬುಟ್ಟಿ. ಡೈಪರ್ ಹೋಗಬೇಕಾದದ್ದು ಕೆಂಪು ಬುಟ್ಟಿಗೆ, ಪತ್ರಿಕೆಯಲ್ಲಿ ಸುತ್ತಿ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೀಗೆ ಸುತ್ತಿ ಎಸೆಯಲು ಚೀಲವನ್ನೋ ಹೊದಿಕೆಯನ್ನೋ ತಯಾರಕರೇ ಕೊಡಬೇಕೆಂದು ಹೇಳಿದ್ದವು. ನಾನು ಕೊಂಡ ದೊಡ್ಡ ಪೊಟ್ಟಣಗಳಲ್ಲಿ ಅದು ಕಂಡದ್ದು ಅಪರೂಪ. ಸುತ್ತದೆ ಹಸಿಕಸದೊಳಗೆ ಬಿದ್ದ ಡೈಪರನ್ನು ಪೌರಕಾರ್ಮಿಕರು ಕೈಯಿಂದಲೇ ಹೆಕ್ಕಿ ತೆಗೆಯುವುದನ್ನು ನಮ್ಮ ಬೀದಿಯಲ್ಲಿ ನೋಡಿದ್ದೇನೆ. 2025ರ ಏಪ್ರಿಲ್‌ನಿಂದ ಬೆಂಗಳೂರಿನಲ್ಲಿ ವಸೂಲಾಗುತ್ತಿರುವ ಕಸದ ಶುಲ್ಕ ಕಟ್ಟಡದ ವಿಸ್ತೀರ್ಣವನ್ನು ಆಧರಿಸಿದ್ದು, ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ ಇದೆ. ಎಷ್ಟು ಕಸ ಹಾಕಿದರೂ ಅದು ಅಷ್ಟೇ. ಹಾಗಾಗಿ ಈ 900 ಕಿಲೋವನ್ನು ಸಾಗಿಸಿ ಸುಡುವ ಅಥವಾ ಹೂಳುವ ಬೆಲೆ ಡೈಪರ್ ಹಾಕುವ ಮನೆಯ ಲೆಕ್ಕಕ್ಕೆ ಬರುವುದೇ ಇಲ್ಲ, ನಗರದ ಕಸ ಸುರಿಯುವ ಹಳ್ಳಿಗಳವರ ಮೇಲೆ ಬೀಳುತ್ತದೆ. 2014ರಲ್ಲಿ ಬೆಂಗಳೂರಿನ ಹತ್ತಿರದ ಮಂಡೂರಿನವರು ಹೋರಾಡಿ ನಗರದ ಕಸವನ್ನು ನಿಲ್ಲಿಸಿದರು, ಆಮೇಲೆ ಅದು ಬೇರೆ ಹಳ್ಳಿಗಳ ಕಡೆಗೆ ತಿರುಗಿತು.

ಬಟ್ಟೆಯೂ ತಾನಾಗಿಯೇ ನಿರ್ದೋಷಿಯಲ್ಲ. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡೂವರೆ ವರ್ಷಕ್ಕೆ ಎಸೆಯುವ ಡೈಪರಿನ ಇಂಗಾಲದ ಹೊರೆ 550 ಕಿಲೋ, ಬಟ್ಟೆಯದು 570 ಕಿಲೋ ಎಂದು ಬಂದಿತ್ತು. ಒಗೆಯುವ, ಒಣಗಿಸುವ ವಿದ್ಯುತ್ತೇ ಇದಕ್ಕೆ ಕಾರಣ. ಮಷೀನು ತುಂಬುವಷ್ಟು ಬಟ್ಟೆ ಸೇರಿಸಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಅದೇ ಬಟ್ಟೆಯನ್ನು ಎರಡನೇ ಮಗುವಿಗೂ ಬಳಸಿದರೆ ಆ ಹೊರೆ ಶೇಕಡ 40ರಷ್ಟು ಇಳಿಯುತ್ತದೆಂದೂ ಅದೇ ಅಧ್ಯಯನ ಹೇಳಿತು. ನಮ್ಮಲ್ಲಿ ಬಿಸಿಲು ಧಾರಾಳವಾಗಿರುವುದರಿಂದ ಇದು ಪಾಲಿಸಲು ಕಷ್ಟವಾದ ಷರತ್ತಲ್ಲ.

ಎರಡನೇ ಮಗುವಿಗೆ ಬಂದರೆ ಹಣದ ವ್ಯತ್ಯಾಸವೂ ದೊಡ್ಡದಾಗುತ್ತದೆ. ಎಸೆಯುವ ಡೈಪರಿಗೆ ಇನ್ನೊಂದು 50,000 ಬೇಕು. ಬಟ್ಟೆಯವರಿಗೆ ಒಗೆತದ ಖರ್ಚಿನ ಮೇಲೆ ಇಲಾಸ್ಟಿಕ್ ಹಾಕಿಸಲು, ಹರಿದದ್ದನ್ನು ಬದಲಾಯಿಸಲು ಒಂದು 4,000 ಸಾಕು. ಇಬ್ಬರು ಮಕ್ಕಳಿಗೆ ಸೇರಿ ಒಂದು ಕಡೆ ಲಕ್ಷ ರೂಪಾಯಿ, ಇನ್ನೊಂದು ಕಡೆ 30,000ದಿಂದ 43,000. ಒಗೆಯುವವರಿಗೆ ಕೂಲಿ ಕೊಟ್ಟರೂ ಇಲ್ಲಿ ಬಟ್ಟೆಗೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಅಕ್ಕ ತಂಗಿಯರ ಮಕ್ಕಳು ಬಳಸಿದ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಒಗೆದು, ಬಿಸಿಲಿಗೆ ಹಾಕಿ ತೆಗೆದುಕೊಂಡರೆ ಮೊದಲ ಮಗುವಿಗೇ ಈ ಲಾಭ ಸಿಗುತ್ತದೆ.

ನಾವು ಕೊನೆಗೆ ಹಿಡಿದದ್ದು ನಡುವಿನ ದಾರಿ: ಹಗಲಿಗೆ ಬಟ್ಟೆ, ರಾತ್ರಿಗೂ ಬಸ್ಸು ರೈಲಿನ ಪ್ರಯಾಣಕ್ಕೂ ಎಸೆಯುವ ಡೈಪರ್. ರಾತ್ರಿಗೆ ಒಂದರಂತೆ ಎರಡೂವರೆ ವರ್ಷಕ್ಕೆ ಸುಮಾರು 10,400 ರೂಪಾಯಿ ಆಗುತ್ತದೆ. ಬದಲಿಗೆ ಹದಿನೆಂಟು ಬಟ್ಟೆ ಡೈಪರಿನ ಜಾಗದಲ್ಲಿ ಹನ್ನೆರಡು ಸಾಕಾಗುವುದರಿಂದ, ಕಾವೇರಿ ನೀರು, ತಣ್ಣೀರಿನ ಒಗೆತದ ಲೆಕ್ಕದಲ್ಲಿ ಒಟ್ಟು ಖರ್ಚು 28,000 ರೂಪಾಯಿಯ ಹತ್ತಿರ ನಿಲ್ಲುತ್ತದೆ. ಡೇಕೇರಿನವರು ಬಟ್ಟೆಯನ್ನು ಒಪ್ಪದಿದ್ದರೆ ಇದಕ್ಕೆ ಹಗಲಿನ ಎರಡು ಡೈಪರುಗಳನ್ನೂ ಸೇರಿಸಿಕೊಳ್ಳಬೇಕು. ಹೆರಿಗೆಗೆ ಮುಂಚೆ ಹನ್ನೆರಡನ್ನೂ ಒಮ್ಮೆಗೇ ಕೊಳ್ಳಬೇಡಿ. ಬೇರೆ ಬೇರೆ ಬಗೆಯ ಮೂರನ್ನು ತಂದು, ನಿಮ್ಮ ನೀರಿನಲ್ಲಿ ನಾಲ್ಕೈದು ಸಲ ಒಗೆದು, ನಿಮ್ಮ ಮನೆಯ ಹಗ್ಗದ ಮೇಲೆ ಒಣಗಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ, ಆಮೇಲೆ ಉಳಿದದ್ದನ್ನು ಕೊಳ್ಳಿ. ಮಾರ್ಚ್‌ನಿಂದ ಮೇ ತನಕ ಟ್ಯಾಂಕರನ್ನೇ ನಂಬಿರುವ ಬಡಾವಣೆಯವರು ಆ ಮೂರು ತಿಂಗಳು ಸಂಕೋಚವಿಲ್ಲದೆ ಎಸೆಯುವ ಡೈಪರಿಗೆ ಹೋಗಬಹುದು. ವರ್ಷ ದಾಟಿದ ಮಗುವಿಗೆ ಅದರ ಖರ್ಚು 4,680 ರೂಪಾಯಿ, ಮನೆಯ ಕುಡಿಯುವ ನೀರಿಗೆ ಅದರಿಂದ ತೊಂದರೆಯಾಗುವುದಿಲ್ಲ.